ಹಳೆಯ ಟೊಯೋಟಾ ಪಿಕಪ್‌ಗೆ ರೀಬಿಲ್ಟ್ ಎಂಜಿನ್: 22ಆರ್-ಇ ಲಾಂಗ್ ಬ್ಲಾಕ್ ವಿಮರ್ಶೆ

ಟೊಯೋಟಾದ ಹಳೆಯ ಸಣ್ಣ ಪಿಕಪ್‌ನಲ್ಲಿ ಚಾಸಿ ಗಟ್ಟಿಯಾಗಿದ್ದು ಎಂಜಿನ್ ಮಾತ್ರ ಕೈಕೊಟ್ಟಿದ್ದರೆ ಹೆಚ್ಚಿನವರು ಹುಡುಕುವುದು ರೀಬಿಲ್ಟ್ ಲಾಂಗ್ ಬ್ಲಾಕ್. ಬ್ಲಾಕ್, ಕ್ರ್ಯಾಂಕ್, ಪಿಸ್ಟನ್, ಹೆಡ್, ಕ್ಯಾಮ್, ಟೈಮಿಂಗ್ ಚೈನ್ (ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಸರಪಳಿ) ಎಲ್ಲವನ್ನೂ ಜೋಡಿಸಿ ಪೆಟ್ಟಿಗೆಯಲ್ಲಿ ಕಳಿಸುವ ಎಂಜಿನ್ ಅದು. ಮ್ಯಾನಿಫೋಲ್ಡ್, ಇಂಜೆಕ್ಟರ್, ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಫ್ಲೈವೀಲ್ ಇವನ್ನು ಹಳೆಯದರಿಂದ ಬಿಚ್ಚಿ ಹಾಕಿಕೊಳ್ಳಬೇಕು. ಇಲ್ಲಿ ಹೇಳುತ್ತಿರುವುದು 1995ರವರೆಗೆ ಈ ಪಿಕಪ್‌ಗಳಲ್ಲಿ ಬಂದ 22ಆರ್-ಇ ಎಂಜಿನ್ನಿನ ಲಾಂಗ್ ಬ್ಲಾಕ್ ಬಗ್ಗೆ: 2366 ಸಿಸಿ, ನಾಲ್ಕು ಸಿಲಿಂಡರ್, 92 ಮಿ.ಮೀ. ಬೋರ್, 89 ಮಿ.ಮೀ. ಸ್ಟ್ರೋಕ್, ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್.

ಕೊಳ್ಳಬಹುದೇ ಎಂದರೆ, ಧಾರಾಳವಾಗಿ ಕೊಳ್ಳಬಹುದು. ಆದರೆ ಎರಡು ವಿಷಯ ಖಚಿತವಾಗಿರಬೇಕು. ಮುಂಭಾಗದ ಟೈಮಿಂಗ್ ಸಾಮಾನು ಯಾವುದು ಹಾಕಿದ್ದಾರೆ ಎಂಬುದು ಒಂದು. ಹಳೆಯ ಎಂಜಿನ್ನನ್ನು ಕೆಡಿಸಿದ ಕಾರಣ ಇನ್ನೂ ಗಾಡಿಯಲ್ಲೇ ಕೂತಿದೆಯೇ ಎಂಬುದು ಇನ್ನೊಂದು. ಹೊಸ ಎಂಜಿನ್ ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಬಿಚ್ಚುವ ಪರಿಸ್ಥಿತಿ ಬಂದರೆ ತಪ್ಪು ಸಾಮಾನ್ಯವಾಗಿ ಈ ಎರಡರಲ್ಲಿ ಒಂದರಲ್ಲಿರುತ್ತದೆ.

ಮೊದಲು ಟೈಮಿಂಗ್ ವಿಷಯ, ಏಕೆಂದರೆ ಈ ಎಂಜಿನ್ನಿನ ನಿಜವಾದ ದೌರ್ಬಲ್ಯ ಇದೊಂದೇ. ಹಳೆಯ ಆರ್ ಸರಣಿಯ ಎಂಜಿನ್‌ಗಳಲ್ಲಿ ಎರಡು ಸಾಲಿನ ಚೈನ್ ಇರುತ್ತಿತ್ತು. ಆಮೇಲೆ ಅದು ಒಂದು ಸಾಲಿಗೆ ಇಳಿಯಿತು, ಚೈನ್ ಅತ್ತಿತ್ತ ಹೊಯ್ದಾಡದಂತೆ ಹಿಡಿಯುವ ಪಟ್ಟಿಗಳಾದ ಗೈಡ್‌ಗಳು ಪ್ಲಾಸ್ಟಿಕ್ ಆದವು. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಪ್ರೆಷರ್‌ನಿಂದ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪ್ರೆಷರ್ ಬರುವವರೆಗೆ ಚೈನ್ ಸಡಿಲವಾಗಿ ಗೈಡ್‌ಗೆ ಬಡಿಯುತ್ತದೆ. ವರ್ಷಗಟ್ಟಲೆ ಹೀಗೆ ಬಡಿಸಿಕೊಂಡ ಪ್ಲಾಸ್ಟಿಕ್ ಗೈಡ್ ಒಂದು ದಿನ ಮುರಿದು ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತಟ್ಟೆಗೆ, ಬೀಳುತ್ತದೆ. ಆಮೇಲೆ ಚೈನ್ ನೇರವಾಗಿ ಅಲ್ಯೂಮಿನಿಯಂ ಟೈಮಿಂಗ್ ಕವರನ್ನು ಉಜ್ಜತೊಡಗುತ್ತದೆ. ಆ ಗೋಡೆಯ ಆಚೆಗಿರುವುದು ವಾಟರ್ ಪಂಪಿನ ನೀರಿನ ದಾರಿ. ಗೋಡೆ ತೂತಾದ ದಿನ ಕೂಲಂಟ್ ಆಯಿಲ್‌ಗೆ ಇಳಿಯುತ್ತದೆ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗ್‌ಗಳು ಹೋಗುತ್ತವೆ. ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂದುಕೊಂಡು ಹೆಡ್ ಮಾತ್ರ ಬಿಚ್ಚಿ ಹಾಕಿದವರಿಗೆ ಅದೇ ತೊಂದರೆ ಮರುಕಳಿಸುವುದು ಈ ಕಾರಣಕ್ಕೇ.

ಆದ್ದರಿಂದ ಮಾರಾಟಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ ಪಿಸ್ಟನ್ ಯಾವ ಕಂಪನಿಯದು ಎಂದಲ್ಲ. ಗೈಡ್‌ಗೆ ಉಕ್ಕಿನ ಬೆನ್ನು ಇದೆಯೇ, ಟೈಮಿಂಗ್ ಕವರ್ ಹೊಸದೋ ಹಳೆಯದೋ, ಹಳೆಯದಾದರೆ ಒಳಗೋಡೆಗೆ ಚೈನ್ ಉಜ್ಜಿದ ಗೆರೆ ಇದೆಯೇ ಎಂದು ಕೇಳಿ. ಗೆರೆ ಬಿದ್ದ ಕವರಿಗೆ ಬೆಸುಗೆ ಹಾಕಿ ಮತ್ತೆ ಬಳಸಿದ ಎಂಜಿನ್ ಬೇಡವೇ ಬೇಡ. ಉಕ್ಕಿನ ಬೆನ್ನಿನ ಗೈಡ್ ಮೇಲೆ ರಬ್ಬರ್ ಅಥವಾ ಪ್ಲಾಸ್ಟಿಕ್ ಪದರ ಇದ್ದೇ ಇರುತ್ತದೆ, ಅದರಿಂದ ಗಾಬರಿ ಬೇಡ. ಪದರ ಸವೆದರೂ ಗೈಡ್ ತುಂಡಾಗಿ ಬೀಳುವುದಿಲ್ಲ, ಬೇಕಾದದ್ದು ಅಷ್ಟೇ. ಪೆಟ್ಟಿಗೆ ಬಂದ ಮೇಲೆ ಮಾತನ್ನಷ್ಟೇ ನಂಬಬೇಕಾಗಿಲ್ಲ. ವಾಲ್ವ್ ಕವರ್ ತೆಗೆದು, ಕ್ಯಾಮ್ ಸ್ಪ್ರಾಕೆಟ್ ಪಕ್ಕದಿಂದ ಕೆಳಗೆ ಟಾರ್ಚ್ ಬಿಟ್ಟರೆ ಗೈಡ್‌ಗಳ ಮೇಲ್ತುದಿ ಕಾಣುತ್ತದೆ. ಸಣ್ಣ ಅಯಸ್ಕಾಂತ ತಾಗಿಸಿ ನೋಡಿದರೆ ಉಕ್ಕೋ ಬರೀ ಪ್ಲಾಸ್ಟಿಕ್ಕೋ ತಿಳಿಯುತ್ತದೆ.

ಎರಡು ಸಾಲಿನ ಚೈನ್‌ಗೆ ಮರಳುವ ಕಿಟ್‌ಗಳೂ ಸಿಗುತ್ತವೆ. ದಿನನಿತ್ಯ ಓಡಿಸುವ ಪಿಕಪ್‌ಗೆ ಅದರ ಅಗತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಟೆನ್ಷನರ್, ಉಕ್ಕಿನ ಬೆನ್ನಿನ ಗೈಡ್, ಸರಿಯಾದ ಸಮಯಕ್ಕೆ ಆಯಿಲ್ ಬದಲಾವಣೆ ಇದ್ದರೆ ಒಂದು ಸಾಲಿನ ಚೈನೇ ಸಾಕು.

ಆರ್ಡರ್ ಕೊಡುವಾಗ ತಯಾರಿಕೆಯ ವರ್ಷದಲ್ಲಿ ಎಡವಬಾರದು. 1985ರಲ್ಲಿ ಟೊಯೋಟಾ ಬ್ಲಾಕಿನ ಎತ್ತರ ತಗ್ಗಿಸಿತು, ಪಿಸ್ಟನ್ ಮತ್ತು ಹೆಡ್ ಕೂಡ ಬದಲಾದವು. ಅದಕ್ಕೆ ಮೊದಲಿನ ಮತ್ತು ನಂತರದ ಭಾಗಗಳನ್ನು ಕಲೆಸಿ ಹಾಕಿದರೆ ಕಂಪ್ರೆಷನ್ ಎಲ್ಲೋ ಹೋಗುತ್ತದೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನ ಪೋರ್ಟ್‌ಗಳು ಹೆಡ್‌ಗೆ ತಾಳೆಯಾಗುವುದಿಲ್ಲ. ಗಾಡಿಯ ನೋಂದಣಿ ವರ್ಷ 1985 ಎಂದಿದ್ದರೆ ಅದನ್ನು ನೆಚ್ಚದೆ, ಎಂಜಿನ್ ನಂಬರ್ ಮತ್ತು ಹೆಡ್‌ನ ಪೋರ್ಟ್ ಆಕಾರ ನೋಡಿಯೇ ಆರ್ಡರ್ ಮಾಡಿ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಸಂಪ್ ಮತ್ತು ಅದರೊಳಗಿನ ಆಯಿಲ್ ಸ್ಟ್ರೈನರನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ. ಮುಂದಿನ ಡಿಫರೆನ್ಷಿಯಲ್ ಆಸುಪಾಸಿನಲ್ಲಿ ಜಾಗ ಬಹಳ ಇಕ್ಕಟ್ಟು.

ಪೆಟ್ಟಿಗೆ ತೆರೆದ ಕೂಡಲೇ ಹೊಳೆಯುವ ಪೇಂಟಿಗೆ ಮಾರುಹೋಗಬೇಡಿ. ಹಿಂಭಾಗದಲ್ಲಿ ಬೆಲ್ ಹೌಸಿಂಗ್ (ಗೇರ್ ಬಾಕ್ಸಿನ ಮುಂದಿನ, ಕ್ಲಚ್ ಮುಚ್ಚುವ ಕವಚ) ಕೂರುವ ಜಾಗದಲ್ಲಿ ಎರಡು ಡೋವೆಲ್ ಪಿನ್‌ಗಳಿವೆಯೇ (ಎರಡನ್ನೂ ನೇರವಾಗಿ ಕೂರಿಸುವ ಉಕ್ಕಿನ ಗೂಟಗಳು) ನೋಡಿ. ಬ್ಲಾಕ್ ತೊಳೆದು ಮೆಷಿನಿಂಗ್ ಮಾಡುವಾಗ ಇವನ್ನು ತೆಗೆದು ಮತ್ತೆ ಹಾಕದೇ ಕಳಿಸುವುದು ಈ ವ್ಯಾಪಾರದಲ್ಲಿ ಪದೇಪದೇ ಕಾಣುವ ತಪ್ಪು. ಇಲ್ಲದಿದ್ದರೆ ಹಳೆಯ ಬ್ಲಾಕಿನಿಂದ ಕಿತ್ತು ಹಾಕಿ. ಡೋವೆಲ್ ಇಲ್ಲದೆಯೂ ಬೋಲ್ಟ್‌ಗಳೆಲ್ಲ ಕೂರುತ್ತವೆ, ಗಾಡಿಯೂ ಓಡುತ್ತದೆ. ಆದರೆ ಗೇರ್ ಬಾಕ್ಸ್ ಕೂದಲೆಳೆಯಷ್ಟು ಓರೆಯಾಗಿ ಕೂತು ಕ್ಲಚ್ ನಡುಗುತ್ತದೆ, ಕೆಲವೇ ತಿಂಗಳಲ್ಲಿ ಇನ್‌ಪುಟ್ ಶಾಫ್ಟ್ ಬೇರಿಂಗ್ ಗೊರಗುಟ್ಟುತ್ತದೆ. ಆಮೇಲೆ ಎಲ್ಲರೂ ಬೈಯುವುದು ಕ್ಲಚ್ ಪ್ಲೇಟನ್ನು.

ಎಂಜಿನ್ ಮೌಂಟಿಂಗ್ ಮತ್ತು ಮ್ಯಾನಿಫೋಲ್ಡ್‌ನ ಪ್ರತಿ ಥ್ರೆಡ್ಡಿಗೂ ಒಂದು ಬೋಲ್ಟನ್ನು ಕೈಯಲ್ಲೇ ತಿರುಗಿಸಿ ನೋಡಿ. ಪೇಂಟ್ ತುಂಬಿದ್ದರೆ ಟ್ಯಾಪ್ ಹಾಕಿ ಬಿಡಿಸಿ. ಸ್ಟ್ಯಾಂಡಿನ ಮೇಲೆ ಇರುವಾಗಲೇ ಸ್ಪಾರ್ಕ್ ಪ್ಲಗ್ ತೆಗೆದು ಕ್ರ್ಯಾಂಕನ್ನು ಎರಡು ಪೂರ್ಣ ಸುತ್ತು ತಿರುಗಿಸಿ. ಎಲ್ಲೂ ಬಿಗಿತ ಸಿಗಬಾರದು. ಬೋರ್ 0.5 ಅಥವಾ 1 ಮಿ.ಮೀ. ಓವರ್‌ಸೈಜ್ ಆಗಿದ್ದರೆ (ಮೂಲ ಅಳತೆಗಿಂತ ಅಷ್ಟು ಅಗಲ ಕೊರೆದಿದ್ದರೆ) ಹೆದರಬೇಕಿಲ್ಲ, ಈ ಬ್ಲಾಕ್ ಅದನ್ನು ಸಲೀಸಾಗಿ ತಾಳುತ್ತದೆ. ಹೆಡ್ ಬಿಡಿಯಾಗಿ ಬಂದಿದ್ದರೆ ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜ್ ಹಿಡಿದು ಅಳೆಯಿರಿ: ಹೆಡ್‌ನ ಬಾಗು 0.15 ಮಿ.ಮೀ. ಮೀರಬಾರದು, ಬ್ಲಾಕಿನ ಮೇಲ್ಮೈ 0.05 ಮಿ.ಮೀ. ಮೀರಬಾರದು. ಹೆಡ್ ಬೋಲ್ಟ್‌ಗಳನ್ನು ಮಧ್ಯದಿಂದ ಹೊರಕ್ಕೆ, ಮೂರು ಹಂತದಲ್ಲಿ 78 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು. ಹೆಡ್‌ನ ಮುಂತುದಿಯಲ್ಲಿ ಕ್ಯಾಮ್ ಸ್ಪ್ರಾಕೆಟ್ ಕೆಳಗೆ, ಆಯಿಲ್ ನಿಲ್ಲುವ ಗುಂಡಿಯಲ್ಲಿ ಅಡಗಿರುವ ಒಂದು ಸಣ್ಣ ಬೋಲ್ಟ್ ಟೈಮಿಂಗ್ ಕವರಿಗೆ ಇಳಿಯುತ್ತದೆ. ಅದನ್ನು ಮರೆತರೆ ಮುಂಭಾಗದಲ್ಲಿ ಸೋರುತ್ತದೆ. ಬಿಚ್ಚುವಾಗ ಮರೆತು ಹೆಡ್ ಎಬ್ಬಿಸಲು ಹೋದರೆ ಕವರೇ ಒಡೆಯುತ್ತದೆ.

ವಾರಂಟಿ ಕಾಗದವನ್ನು ಕೊಳ್ಳುವ ಮೊದಲೇ ಓದಿ. ಹೆಡ್ ಅಥವಾ ಬ್ಲಾಕಿನ ಮೇಲೆ ಅಂಟಿಸಿದ ಚಿಕ್ಕ ಲೋಹದ ಬಿಲ್ಲೆ ಕಾಣುತ್ತದೆಯಲ್ಲ, ಅದು ಹೀಟ್ ಟ್ಯಾಬ್. ಎಂಜಿನ್ ಮಿತಿ ಮೀರಿ ಕಾದರೆ ಅದರ ನಡುಭಾಗ ಕರಗುತ್ತದೆ, ಅಲ್ಲಿಗೆ ವಾರಂಟಿ ಮುಗಿಯಿತು. ಹೆಚ್ಚಿನ ವಾರಂಟಿಗಳು ಸಾಮಾನಿಗೆ ಮಾತ್ರ, ಇಳಿಸಿ ಹತ್ತಿಸುವ ಕೂಲಿಗಲ್ಲ. ಕೂಲಿಯನ್ನೂ ಒಪ್ಪಿಕೊಳ್ಳುವವರು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಳೆಯ ಎಂಜಿನ್ ಹಿಂದಿರುಗಿಸಿದರೆ ಠೇವಣಿ ವಾಪಸ್ ಕೊಡುವ ಪದ್ಧತಿಯಿದೆ. ಆದರೆ ಕನೆಕ್ಟಿಂಗ್ ರಾಡ್ ಒಡೆದು ಬ್ಲಾಕ್ ತೂತಾಗಿದ್ದರೆ ಆ ಠೇವಣಿ ಬರುವುದಿಲ್ಲ. ಲೆಕ್ಕ ಹಾಕುವಾಗಲೇ ಇದನ್ನೂ ಸೇರಿಸಿಕೊಳ್ಳಿ.

ಹಳೆಯ ಎಂಜಿನ್ ಇಳಿಸುವ ಕೆಲಸದಲ್ಲಿ ಗುಟ್ಟೇನೂ ಇಲ್ಲ, ಕ್ರಮ ಇದ್ದರೆ ಸಾಕು. ಎಕ್ಸಾಸ್ಟ್ ಪೈಪಿನ ನಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಾನೆಟ್ ತೆಗೆಯುವ ಮೊದಲು ಹಿಂಜ್ ಸುತ್ತ ಗುರುತು ಮಾಡಿ. ಬ್ಯಾಟರಿ ಕಳಚಿ, ಇಂಧನ ಲೈನಿನ ಪ್ರೆಷರ್ ಇಳಿಸಿ, ಕೂಲಂಟನ್ನು ರೇಡಿಯೇಟರ್‌ನಿಂದಲೂ ಬ್ಲಾಕಿನಿಂದಲೂ ಬಸಿಯಿರಿ. ಏಸಿ ಕಂಪ್ರೆಸರ್ ಮತ್ತು ಪವರ್ ಸ್ಟೀರಿಂಗ್ ಪಂಪನ್ನು ಹೋಸ್ ಸಮೇತ ಪಕ್ಕಕ್ಕೆ ಸರಿಸಿ ಕಟ್ಟಿದರೆ ಗ್ಯಾಸ್ ಬಿಡುವ, ಎಣ್ಣೆ ಚೆಲ್ಲುವ ರಗಳೆ ಇಲ್ಲ. ವೈರಿಂಗ್‌ನಲ್ಲಿ ಮಾತ್ರ ಒಂದು ಸಲಹೆ: ಎಂಜಿನ್ ಬೇಯಲ್ಲಿ ಒಂದೊಂದೇ ಕನೆಕ್ಟರ್ ಕಳಚುವ ಬದಲು ಡ್ಯಾಶ್‌ಬೋರ್ಡ್ ಪಕ್ಕದ ಕಿಕ್ ಪ್ಯಾನಲ್ ತೆಗೆದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪ್ಲಗ್‌ಗಳನ್ನು ಬಿಚ್ಚಿ, ಇಡೀ ಹಾರ್ನೆಸನ್ನು, ಅಂದರೆ ವೈರ್‌ಗಳ ಕಂತೆಯನ್ನು, ಫೈರ್‌ವಾಲ್ (ಎಂಜಿನ್ ಬೇ ಮತ್ತು ಕ್ಯಾಬಿನ್ ನಡುವಿನ ಗೋಡೆ) ಮೂಲಕ ಎಂಜಿನ್ ಕಡೆಗೆ ಎಳೆದುಕೊಳ್ಳಿ. ದಶಕಗಳ ಬಿಸಿಗೆ ಗರಿಗರಿಯಾದ ಕನೆಕ್ಟರ್‌ಗಳ ಕೊಂಡಿ ಮುರಿಯುವುದು ಇದರಿಂದ ತಪ್ಪುತ್ತದೆ. ಎಂಜಿನ್ ಹೊರಗೆ ಬಂದ ಮೇಲೆ ಬೆಳಕಿನಲ್ಲಿ ನಿಧಾನಕ್ಕೆ ಬಿಡಿಸಬಹುದು.

ಬೆಲ್ ಹೌಸಿಂಗಿನ ಮೇಲಿನ ಬೋಲ್ಟ್‌ಗಳಿಗೆ ಕೈ ಎಟುಕುವುದಿಲ್ಲ. ಗೇರ್ ಲಿವರ್ ತೆಗೆದು, ಗೇರ್ ಬಾಕ್ಸ್ ಹಿಂಭಾಗವನ್ನು ಜ್ಯಾಕ್ ಮೇಲೆ ಸ್ವಲ್ಪ ತಗ್ಗಿಸಿ, ಉದ್ದನೆಯ ಎಕ್ಸ್‌ಟೆನ್ಷನ್ ರಾಡ್‌ಗಳನ್ನು ಜೋಡಿಸಿ ಕೆಳಗಿನಿಂದ ಹಾಕಿದರೆ ಸುಲಭ. ಒಂದು ಟನ್ ಎತ್ತುವ ಹಾಯಿಸ್ಟ್ ಧಾರಾಳ ಸಾಕು.

ಈಗ ಸಾಮಾನು ಹೊಸ ಬ್ಲಾಕಿಗೆ ವರ್ಗಾಯಿಸುವ ಹಂತ. ಆತುರ ಹೆಚ್ಚು ನಷ್ಟ ಮಾಡುವುದು ಇಲ್ಲಿ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿರುವ ಕೂಲಂಟ್ ಹೋಸ್‌ಗಳನ್ನು ಕಡ್ಡಾಯವಾಗಿ ಹೊಸದು ಹಾಕಿ. ಎಂಜಿನ್ ಗಾಡಿಯೊಳಗೆ ಕೂತ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ, ಸೋರಿದರೆ ಮ್ಯಾನಿಫೋಲ್ಡೇ ಬಿಚ್ಚಬೇಕು. ನಾಕ್ ಸೆನ್ಸರ್ ಇರುವ ಮಾದರಿಯಾದರೆ ಅದರ ವೈರನ್ನೂ ಆಗಲೇ ನೋಡಿಬಿಡಿ. ನಾಲ್ಕೂ ಇಂಜೆಕ್ಟರ್‌ಗಳನ್ನು ಅಲ್ಟ್ರಾಸಾನಿಕ್ ಕ್ಲೀನಿಂಗ್ ಮಾಡಿಸಿ, ಹೊಸ ಓ-ರಿಂಗ್ ಹಾಕಿ. ಹನಿ ಸುರಿಸುವ ಒಂದು ಇಂಜೆಕ್ಟರ್ ಹೊಸ ಬೋರಿನ ಆಯಿಲ್ ಪದರವನ್ನು ತೊಳೆದು ರಿಂಗನ್ನು ಬೇಗ ತಿನ್ನುತ್ತದೆ. ಕ್ರ್ಯಾಂಕ್ ಪುಲ್ಲಿಯ ಕುತ್ತಿಗೆಗೆ ಆಯಿಲ್ ಸೀಲ್ ಉಜ್ಜಿ ಗೀರು ಬಿದ್ದಿರುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ತೆಳು ಸ್ಲೀವ್ ಏರಿಸಿ, ಇಲ್ಲವೇ ಪುಲ್ಲಿ ಬದಲಿಸಿ. ಇಲ್ಲದಿದ್ದರೆ ಹೊಸ ಸೀಲ್ ಮೊದಲ ದಿನದಿಂದಲೇ ಸೋರುತ್ತದೆ, ದೂರು ಎಂಜಿನ್ ಕಟ್ಟಿದವರ ಮೇಲೆ ಹೋಗುತ್ತದೆ. ಪುಲ್ಲಿ ಬೋಲ್ಟಿಗೆ 157 ನ್ಯೂಟನ್ ಮೀಟರ್. ವಾಲ್ವ್ ಕವರ್ ಕೆಳಗೆ ಹೆಡ್‌ನ ತುದಿಗಳಲ್ಲಿ ಕೂರುವ ಅರ್ಧಚಂದ್ರ ರಬ್ಬರ್‌ಗಳ ಮೂಲೆಗೆ ಚೂರು ಸೀಲಂಟ್ ಹಚ್ಚದಿದ್ದರೆ ಅಲ್ಲೂ ಆಯಿಲ್ ಜಿನುಗುತ್ತದೆ.

ಫ್ಲೈವೀಲನ್ನು ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ 108 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಪೈಲಟ್ ಬೇರಿಂಗ್ ಲಾಂಗ್ ಬ್ಲಾಕ್ ಜೊತೆ ಬರುವುದು ಅಪರೂಪ, ಅದು ಕ್ರ್ಯಾಂಕಿನೊಳಗೆ ಇದೆಯೋ ಇಲ್ಲವೋ ಎಂದು ಬೆರಳು ಹಾಕಿ ನೋಡಿ. ಪ್ರೆಷರ್ ಪ್ಲೇಟ್ ಬೋಲ್ಟ್‌ಗಳಿಗೆ 19 ನ್ಯೂಟನ್ ಮೀಟರ್, ಬೆಲ್ ಹೌಸಿಂಗಿಗೆ 72. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೊನೆಯ ಒಂದು ಸೆಂಟಿಮೀಟರ್ ಉಳಿದಾಗ ಬೋಲ್ಟ್ ಬಿಗಿದು ಎಳೆಯಬೇಡಿ. ಕೈಯಲ್ಲೇ ತಳ್ಳಿ ಸೇರಬೇಕು. ಸೇರದಿದ್ದರೆ ಕ್ಲಚ್ ಪ್ಲೇಟ್ ಮಧ್ಯಕ್ಕೆ ಕೂತಿಲ್ಲ ಎಂದರ್ಥ. ಆಟೋಮ್ಯಾಟಿಕ್ ಆದರೆ ಟಾರ್ಕ್ ಕನ್ವರ್ಟರ್ ಪೂರ್ತಿ ಒಳಗೆ ಹೋಗಿಲ್ಲ, ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ಟ್ರಾನ್ಸ್‌ಮಿಷನ್ನಿನ ಪಂಪ್ ಒಡೆಯುತ್ತದೆ.

ಮೊದಲ ಸ್ಟಾರ್ಟ್‌ಗೆ ಮುನ್ನ ಆಯಿಲ್ ಪ್ರೆಷರ್ ಬರಿಸುವುದು ಎಲ್ಲಕ್ಕಿಂತ ಮುಖ್ಯ. ಕೆಲವು ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್ ಮೆಷಿನ್‌ನಿಂದ ಆಯಿಲ್ ಪಂಪ್ ತಿರುಗಿಸಬಹುದು. 22ಆರ್-ಇಯಲ್ಲಿ ಅದು ಆಗದು, ಪಂಪ್ ಕ್ರ್ಯಾಂಕಿನ ಮೂತಿಯಲ್ಲೇ ಕೂತು ಅದರ ಜೊತೆ ತಿರುಗುತ್ತದೆ. ಹಾಗಾಗಿ ಪಂಪಿನ ಕವರ್ ತೆಗೆದು ಗೇರ್‌ಗಳ ನಡುವೆ ಪೆಟ್ರೋಲಿಯಂ ಜೆಲ್ಲಿ ತುಂಬಿ ಮುಚ್ಚಿ. ಆಯಿಲ್ ಫಿಲ್ಟರನ್ನೂ ಅರ್ಧ ತುಂಬಿಸಿ ಹಾಕಿ. ಫಿಲ್ಟರ್ ಸೇರಿ ಸುಮಾರು 4.3 ಲೀಟರ್ ಆಯಿಲ್ ಹಿಡಿಯುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಇಗ್ನಿಷನ್ ಮತ್ತು ಇಂಜೆಕ್ಷನ್ ಕಳಚಿ, ಹತ್ತತ್ತು ಸೆಕೆಂಡಿನಂತೆ ನಡುವೆ ಬಿಡುವು ಕೊಟ್ಟು ಸ್ಟಾರ್ಟರ್ ತಿರುಗಿಸಿ. ಪ್ರೆಷರ್ ಮುಳ್ಳು ಏಳುವವರೆಗೆ ಪ್ಲಗ್ ಹಾಕಬೇಡಿ. ಡ್ಯಾಶ್‌ಬೋರ್ಡಿನ ಮೀಟರನ್ನು ನಂಬದೆ ತಾತ್ಕಾಲಿಕವಾಗಿ ಒಂದು ಮೆಕ್ಯಾನಿಕಲ್ ಗೇಜ್ ಹಾಕುವುದು ಒಳ್ಳೆಯದು: ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಕನಿಷ್ಠ 4.3 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 3000 ಆರ್‌ಪಿಎಂನಲ್ಲಿ 36ರಿಂದ 71 ಪಿಎಸ್‌ಐ ಇರಬೇಕು.

ಸ್ಟಾರ್ಟ್ ಆಗಿ ತಕ್ಷಣ ಆರಿಹೋಗುತ್ತಿದೆಯೇ? ಎಂಜಿನ್ನನ್ನು ದೂರುವ ಮೊದಲು ಏರ್ ಫ್ಲೋ ಮೀಟರಿನಿಂದ ಥ್ರಾಟಲ್‌ಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ನೋಡಿ. ಈ ಮೀಟರಿನೊಳಗೆ ಗಾಳಿಯ ಒತ್ತಡಕ್ಕೆ ತೆರೆಯುವ ಒಂದು ರೆಕ್ಕೆಯಿದೆ, ಅದು ತೆರೆದರೆ ಮಾತ್ರ ಫ್ಯುಯೆಲ್ ಪಂಪ್ ಓಡುತ್ತಲೇ ಇರುತ್ತದೆ. ಪೈಪ್ ಮಡಿಕೆಯಲ್ಲಿ ಸೀಳಿದ್ದರೆ ಗಾಳಿ ಅಡ್ಡದಾರಿಯಲ್ಲಿ ನುಗ್ಗುತ್ತದೆ, ರೆಕ್ಕೆ ತೆರೆಯುವುದಿಲ್ಲ, ಪಂಪ್ ನಿಲ್ಲುತ್ತದೆ. ಆಯಿಲ್ ಹಾಕುವ ಮುಚ್ಚಳ ಸರಿಯಾಗಿ ಕೂರದಿದ್ದರೂ, ಡಿಪ್‌ಸ್ಟಿಕ್ ಎದ್ದಿದ್ದರೂ ಐಡ್ಲಿಂಗ್ ಹದಗೆಡುತ್ತದೆ. ಇನ್ನೊಂದು ಅರ್ಥ್ ವೈರ್. ಇನ್‌ಟೇಕ್ ಪ್ಲೀನಂ ಮೇಲಿನ ಇಸಿಯು ಅರ್ಥ್ ಮತ್ತು ಎಂಜಿನ್ನಿನಿಂದ ಫೈರ್‌ವಾಲ್‌ಗೆ ಹೋಗುವ ಪಟ್ಟಿ ಎರಡನ್ನೂ ಲೋಹ ಹೊಳೆಯುವಂತೆ ಉಜ್ಜಿ ಹಾಕಿ. ಬ್ಯಾಟರಿಯಿಂದ ಎಂಜಿನ್ನಿಗೆ ಬರುವ ದಪ್ಪ ಅರ್ಥ್ ಕೇಬಲ್ ಹಾಕಲು ಮರೆತರೆ ಸ್ಟಾರ್ಟರಿನ ಕರೆಂಟ್ ಆಕ್ಸಲರೇಟರ್ ಕೇಬಲ್ ಮೂಲಕ ಹರಿದು ಅದನ್ನು ಸುಟ್ಟುಬಿಡುತ್ತದೆ.

ಇಗ್ನಿಷನ್ ಟೈಮಿಂಗ್ ನೋಡುವಾಗ ಚೆಕ್ ಕನೆಕ್ಟರ್‌ನ ಟೆಸ್ಟ್ ಟರ್ಮಿನಲ್ ಮತ್ತು ಅರ್ಥ್ ಟರ್ಮಿನಲ್ ನಡುವೆ ತಂತಿ ಸೇರಿಸಿ, 5 ಡಿಗ್ರಿ ಬಿಫೋರ್ ಟಾಪ್‌ಗೆ, ಅಂದರೆ ಪಿಸ್ಟನ್ ಮೇಲ್ತುದಿ ತಲುಪುವುದಕ್ಕೆ 5 ಡಿಗ್ರಿ ಮೊದಲು ಕಿಡಿ ಬರುವಂತೆ, ಹೊಂದಿಸಿ. ತಂತಿ ಸೇರಿಸದೆ 5 ಡಿಗ್ರಿಗೆ ಇಟ್ಟರೆ ಟೈಮಿಂಗ್ ಬಹಳ ಹಿಂದೆ ಬಿದ್ದು ಗಾಡಿ ಏರು ಹತ್ತುವುದಿಲ್ಲ, ಎಕ್ಸಾಸ್ಟ್ ಕೆಂಪಗಾಗುತ್ತದೆ.

ಈ ಎಂಜಿನ್ನಿನಲ್ಲಿ ರಾಕರ್ ಆರ್ಮ್ ಕ್ಯಾಮಿನ ಮೇಲೆ ಜಾರುತ್ತದೆ, ರೋಲರ್ ಇಲ್ಲ. ಹೊಸ ಕ್ಯಾಮ್ ಹಾಕಿದ್ದರೆ ಮೊದಲ 20 ನಿಮಿಷ ಐಡ್ಲಿಂಗ್‌ಗೆ ಬಿಡದೆ 1500ರಿಂದ 2500 ಆರ್‌ಪಿಎಂ ನಡುವೆ ಏರಿಳಿಸುತ್ತ ಓಡಿಸಿ. ಜಿಂಕ್ ಅಂಶ ಹೆಚ್ಚಿರುವ ಬ್ರೇಕ್-ಇನ್ ಆಯಿಲೇ ಇರಲಿ. ಆಮೇಲೆ ಆ ಆಯಿಲ್ ಬಸಿದು ಫಿಲ್ಟರ್ ಕತ್ತರಿಸಿ ನೋಡಿ: ಬೂದು ಬಣ್ಣದ ನಯವಾದ ಪುಡಿ ಸಹಜ, ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಮುಂದೆ ಓಡಿಸಬಾರದು. ಬಿಸಿ ಎಂಜಿನ್ನಿನಲ್ಲೇ ಟಪೆಟ್, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಅಂತರ, ಹೊಂದಿಸಿ, ಇನ್‌ಟೇಕ್ 0.20 ಮಿ.ಮೀ., ಎಕ್ಸಾಸ್ಟ್ 0.30 ಮಿ.ಮೀ. ಸುಮಾರು 1500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು, ಏಕೆಂದರೆ ಹೊಸ ವಾಲ್ವ್‌ಗಳು ಸೀಟಿನಲ್ಲಿ ಇಳಿದಂತೆ ಈ ಅಂತರ ಕಡಿಮೆಯಾಗುತ್ತದೆ. ಟಪೆಟ್ ಸದ್ದಿಲ್ಲ ಎಂದು ಸುಮ್ಮನಿದ್ದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಸ್ವಲ್ಪ ಕಟಕಟ ಅನ್ನುವ 22ಆರ್-ಇ ಆರೋಗ್ಯವಾಗಿರುವ 22ಆರ್-ಇ. ಇದೇ ಹೊತ್ತಿಗೆ ಕಂಪ್ರೆಷನ್ ಬರೆದಿಟ್ಟುಕೊಳ್ಳಿ: 171 ಪಿಎಸ್‌ಐ ಆಸುಪಾಸು ಬರಬೇಕು, 142ಕ್ಕಿಂತ ಕೆಳಗಿಳಿಯಬಾರದು, ಸಿಲಿಂಡರ್‌ಗಳ ನಡುವೆ 14ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ವಾರಂಟಿ ಕೇಳುವಾಗ ಈ ಅಂಕಿಗಳೇ ಸಾಕ್ಷಿ.

ಇನ್ನು ಎರಡನೆಯ ಷರತ್ತು, ಹಳೆಯ ಎಂಜಿನ್ನನ್ನು ಕೆಡಿಸಿದ್ದು ಏನು? ಕೂಲಂಟ್‌ನಲ್ಲಿ ಆಯಿಲ್ ಬೆರೆತು ಹೋದ ಎಂಜಿನ್ ಆಗಿದ್ದರೆ ರೇಡಿಯೇಟರ್ ಮತ್ತು ಹೀಟರ್ ಕೋರಿನ ಸಣ್ಣ ಕೊಳವೆಗಳಲ್ಲಿ ಆ ಜಿಡ್ಡು ಕೂತಿರುತ್ತದೆ. ಎಷ್ಟು ನೀರು ಬಿಟ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ರೇಡಿಯೇಟರ್ ಹೊಸದೇ ಹಾಕಿ. ಆಯಿಲ್ ಸುಡುತ್ತಿದ್ದ ಎಂಜಿನ್ ಆಗಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರುತ್ತದೆ. ಆಕ್ಸಿಜನ್ ಸೆನ್ಸರ್ ತೆಗೆದು ಆ ತೂತಿಗೆ ಪ್ರೆಷರ್ ಗೇಜ್ ಹಾಕಿ: 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಮೀರಿದರೆ ದಾರಿ ಕಟ್ಟಿದೆ, ಹೊಸ ಎಂಜಿನ್ನೂ ಉಸಿರುಗಟ್ಟಿ ಬಿಸಿಯೇರುತ್ತದೆ. ಥರ್ಮೋಸ್ಟಾಟ್ ಹಾಕುವಾಗ ಅದರ ಅಲುಗಾಡುವ ಪುಟ್ಟ ಪಿನ್ ಮೇಲ್ಮುಖವಾಗಿರಲಿ. ಮೂತಿ ಎತ್ತರವಿರುವ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು ಕೂಲಂಟ್ ತುಂಬಿದರೆ ಗಾಳಿ ಹೊರಗೆ ಹೋಗುತ್ತದೆ. ಒಳಗೆ ಗಾಳಿ ಉಳಿದರೆ ಮೀಟರ್ ಮುಳ್ಳು ಸುಮ್ಮನಿರುವಾಗಲೇ ಹೆಡ್ ಕಾಯುತ್ತದೆ, ಆ ಹೀಟ್ ಟ್ಯಾಬ್ ಕರಗುತ್ತದೆ.

ಬೇರೆ ದಾರಿಗಳಿವೆ. ಬಳಸಿದ ಎಂಜಿನ್ ಅಗ್ಗವಾಗಿ ಸಿಗಬಹುದು. ಆದರೆ ಹಾಕುವ ಮೊದಲೇ ಟೈಮಿಂಗ್ ಸೆಟ್, ಆಯಿಲ್ ಸೀಲ್‌ಗಳು, ವಾಟರ್ ಪಂಪ್ ಹೊಸದು ಹಾಕಿದರೆ ಉಳಿತಾಯ ಅರ್ಧಕ್ಕೆ ಇಳಿಯುತ್ತದೆ, ಬೋರ್ ಮಾತ್ರ ಹಳೆಯದೇ ಇರುತ್ತದೆ. ಶಾರ್ಟ್ ಬ್ಲಾಕ್ (ಹೆಡ್ ಇಲ್ಲದ, ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಮಾತ್ರ ಜೋಡಿಸಿದ ಎಂಜಿನ್) ತಂದು ಹಳೆಯ ಹೆಡ್ ಹಾಕುವುದು ಹೆಡ್ ನಿಜಕ್ಕೂ ಚೆನ್ನಾಗಿದ್ದರೆ ಮಾತ್ರ ಸರಿ. ಹೆಚ್ಚು ಶಕ್ತಿ ಬೇಕೆನ್ನುವವರು ಟೊಯೋಟಾದ್ದೇ 2.7 ಲೀಟರಿನ 3ಆರ್‌ಝಡ್-ಎಫ್‌ಇ ಹಾಕುತ್ತಾರೆ. ಎಳೆತ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಮೌಂಟಿಂಗ್, ವೈರಿಂಗ್, ಇಸಿಯು, ಎಕ್ಸಾಸ್ಟ್ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು, ಅದು ವಾರಾಂತ್ಯದ ಕೆಲಸವಲ್ಲ. ಸುಮಾರು 116 ಅಶ್ವಶಕ್ತಿಯ 22ಆರ್-ಇ ಹೆದ್ದಾರಿಯಲ್ಲಿ ಎಂದೂ ವೇಗದ ಎಂಜಿನ್ ಆಗಿರಲಿಲ್ಲ, ರೀಬಿಲ್ಟ್ ಮಾಡಿದರೂ ಆಗುವುದಿಲ್ಲ. ಭಾರ ಹೊತ್ತು ಕಡಿಮೆ ಆರ್‌ಪಿಎಂನಲ್ಲಿ ಬಹುಕಾಲ ದುಡಿಯುವುದು ಅದರ ಗುಣ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಈ ಲಾಂಗ್ ಬ್ಲಾಕ್‌ಗಳು ಒಂದರಂತೆ ಇನ್ನೊಂದಿರುವುದಿಲ್ಲ ಎಂಬುದಕ್ಕೆ. ಬೆಲೆ, ಪೇಂಟ್, ಪೆಟ್ಟಿಗೆ ಒಂದೇ ರೀತಿ ಕಂಡರೂ ಒಳಗಿನ ಗೈಡ್, ಕವರ್, ಡೋವೆಲ್ ಬೇರೆ ಬೇರೆಯಾಗಿರುತ್ತವೆ. ಆರ್ಡರ್ ಕೊಡುವ ಮೊದಲು ಟೈಮಿಂಗ್ ಗೈಡ್ ಮತ್ತು ಕವರಿನ ಒಳಮುಖದ ಫೋಟೋ ಕಳಿಸಲು ಕೇಳಿ. ಜೋಡಿಸುವಾಗ ತೆಗೆದ ಫೋಟೋ ತೋರಿಸದವರ ಬಳಿ ಕೊಳ್ಳಬೇಡಿ.